ಅಪ್ಪ ಐಸಿಯುನಲ್ಲಿ 11 ದಿನ. 'ಸಾಕು' ಅಂತ ಹೇಳುವುದು ಯಾರು?

ಮಾನ್ಯದ ಮಗಳು · ಬುಧವಾರ ರಾತ್ರಿ 10:50

ಎಲ್ಲರಿಗೂ ನಮಸ್ಕಾರ. ಇಲ್ಲಿ ನಾನು ಓದಿದ್ದೇ ಜಾಸ್ತಿ, ಬರೆದದ್ದು ಕಡಿಮೆ. ಇವತ್ತು ಬರೆಯದೆ ನಿದ್ದೆ ಬರುವುದಿಲ್ಲ.

ನನ್ನ ಅಪ್ಪನಿಗೆ 79. ಮೆದುಳಿನಲ್ಲಿ ರಕ್ತಸ್ರಾವ ಆಗಿ ಮಂಗಳೂರಿನ ಒಂದು ಆಸ್ಪತ್ರೆಯಲ್ಲಿದ್ದಾರೆ. ಬಾಯಿಗೊಂದು ಪೈಪು, ಮೂಗಿಗೊಂದು ಪೈಪು, ವೆಂಟಿಲೇಟರ್. ಇಷ್ಟು ದಿನವಾದರೂ ಕಣ್ಣು ತೆರೆದಿಲ್ಲ. ಬಲಗೈ ಆಗಾಗ ಅಲುಗುತ್ತದೆ ಅಂತ ಅದನ್ನು ಬ್ಯಾಂಡೇಜ್ ಬಟ್ಟೆಯಲ್ಲಿ ಮಂಚಕ್ಕೆ ಕಟ್ಟಿದ್ದಾರೆ. ದಿನಕ್ಕೆ ಎರಡು ಸಲ, ಐದೈದು ನಿಮಿಷ ಒಳಗೆ ಬಿಡುತ್ತಾರೆ. ನಿನ್ನೆ ಹೋದಾಗ ಹೊದಿಕೆ ಸರಿದು ಪಾದ ಕಾಣುತ್ತಿತ್ತು. ತೋಟದ ಮಣ್ಣಲ್ಲಿ ನಡೆದು ನಡೆದು ಒಡೆದ ಪಾದ ಅದು, ಹಿಮ್ಮಡಿಯ ಬಿರುಕಲ್ಲಿ ಯಾವಾಗಲೂ ಕೆಂಪು ಮಣ್ಣು ಕೂತಿರುತ್ತಿತ್ತು. ಈಗ ಬಿರುಕೆಲ್ಲ ಮುಚ್ಚಿ ಮಗುವಿನ ಪಾದದ ಹಾಗೆ ಮೆತ್ತಗಾಗಿದೆ. ಅದನ್ನು ನೋಡಿ ನನಗೆ ತಡೆಯಲಿಕ್ಕೆ ಆಗಲಿಲ್ಲ.

ಇವತ್ತು ಡಾಕ್ಟರು ಕರೆದು, ಬಾಯಿಯ ಪೈಪು ಇನ್ನು ಜಾಸ್ತಿ ದಿನ ಇಡಲಿಕ್ಕಾಗುವುದಿಲ್ಲ, ಗಂಟಲಿಗೆ ತೂತು ಮಾಡಿ ಅಲ್ಲಿಂದ ಹಾಕಬೇಕು, ಶುಕ್ರವಾರದೊಳಗೆ ಸಹಿ ಬೇಕು ಅಂದರು. ಎಚ್ಚರ ಆಗುತ್ತಾರಾ ಅಂತ ಕೇಳಿದೆ. "ಆದರೂ ಮಾತು, ನಡಿಗೆ ಎಲ್ಲ ಕಷ್ಟ ಅಮ್ಮಾ" ಅಂದರು.

ಮೂರು ವರ್ಷದ ಹಿಂದೆ ನಮ್ಮ ಪಕ್ಕದ ಮನೆಯ ಅಜ್ಜ ಹೀಗೇ ಒಂದೂವರೆ ತಿಂಗಳು ಐಸಿಯುನಲ್ಲಿದ್ದು ತೀರಿಕೊಂಡರು. ಅವರನ್ನು ಸುಟ್ಟು ಬಂದು, ಸ್ನಾನ ಮಾಡಿ, ಅಪ್ಪ ಜಗಲಿಯಲ್ಲಿ ಅಡಿಕೆ ಸುಲಿಯಲು ಕೂತರು. ತಲೆ ಎತ್ತದೆ ಹೇಳಿದರು: "ನನಗೆ ಹಾಗೆ ಮಾಡಬೇಡಿ. ನನ್ನ ಜೀವ ಈ ಮನೆಯಲ್ಲೇ ಹೋಗಲಿ." ಅಮ್ಮ ಇದ್ದರು, ನಾನಿದ್ದೆ. ಬರೆದಿಟ್ಟದ್ದು ಏನೂ ಇಲ್ಲ.

ಅಣ್ಣ ಕತಾರಿನಲ್ಲಿದ್ದಾನೆ. "ಎಷ್ಟು ಖರ್ಚಾದರೂ ನಾನು ಕೊಡ್ತೇನೆ, ಎಲ್ಲಾ ಮಾಡಿಸು. ಈಗ ಬೇಡ ಅಂದ್ರೆ ನಾವೇ ಕೊಂದ ಹಾಗೆ" ಅಂತಾನೆ. ಅಮ್ಮ ಏನೂ ಹೇಳುವುದಿಲ್ಲ. ರಾತ್ರಿ ಫೋನ್ ಮಾಡಿದರೆ "ಅಪ್ಪನಿಗೆ ಏನು ಕೊಟ್ಟರು ತಿನ್ನಲಿಕ್ಕೆ?" ಅಂತ ಕೇಳುತ್ತಾರೆ.

ಸಹಿ ಹಾಕದಿದ್ದರೆ ಅದು ಕೊಲೆಯಾ? ನಮ್ಮದು ಕೇರಳದ ವಿಳಾಸ, ಆಸ್ಪತ್ರೆ ಕರ್ನಾಟಕದ್ದು. ಯಾವ ಕಾನೂನು? ತಿಳಿದವರು ಹೇಳಿ.

ಉಪ್ಪಳ ಪೇಟೆ · ರಾತ್ರಿ 11:02

ಅಕ್ಕಾ, ಗಟ್ಟಿ ಮನಸ್ಸು ಮಾಡಿ. ಆದರೆ ಅವಸರ ಬೇಡ. ನನ್ನ ಮಾವನಿಗೂ ಗಂಟಲಿಗೆ ತೂತು ಮಾಡಿದ್ದರು. 26ನೇ ದಿನ ಕಣ್ಣು ಬಿಟ್ಟರು. ಈಗ ಕೋಲು ಹಿಡಿದು ಮಸೀದಿಗೆ ಹೋಗುತ್ತಾರೆ. ಬೇರೆ ಡಾಕ್ಟರಿಗೂ ಒಮ್ಮೆ ರಿಪೋರ್ಟ್ ತೋರಿಸಿ.

ಐಸಿಯು ಸಿಸ್ಟರ್ ಬದಿಯಡ್ಕ · ರಾತ್ರಿ 11:20

ಉಪ್ಪಳದ ಅಣ್ಣಾ, ನಿಮ್ಮ ಮಾವನಿಗೆ ಆದದ್ದು ಏನು, ವಯಸ್ಸು ಎಷ್ಟು ಅಂತ ಹೇಳದೆ ಹೀಗೆ ಬರೆಯಬೇಡಿ ಮಾರಾಯ್ರೇ. ನಂಜು ಏರಿ ವೆಂಟಿಲೇಟರ್‌ಗೆ ಹೋದವರು ಬೇರೆ, ಮೆದುಳಿನ ಅರ್ಧ ರಕ್ತದಲ್ಲಿ ಮುಳುಗಿದವರು ಬೇರೆ.

ಮಾನ್ಯದ ಅಕ್ಕಾ, ನಾನು 9 ವರ್ಷದಿಂದ ಐಸಿಯುನಲ್ಲೇ ಕೆಲಸ ಮಾಡುತ್ತಿದ್ದೇನೆ. ಟ್ರಕಿಯಾಸ್ಟಮಿ, ಅಂದರೆ ಗಂಟಲಿಗೆ ತೂತು ಮಾಡಿ ಪೈಪು ಹಾಕುವುದು, ಕೆಟ್ಟದ್ದು ಅಂತ ತಿಳಿಯಬೇಡಿ. ಬಾಯಿಯ ಪೈಪಿಗಿಂತ ರೋಗಿಗೆ ಅದರಲ್ಲಿ ಹಿಂಸೆ ಕಡಿಮೆ. ಕಫ ತೆಗೆಯುವುದು ಸುಲಭ. ವಾರ ಎರಡು ವಾರ ದಾಟಿದ ಮೇಲೆ ಸಾಮಾನ್ಯವಾಗಿ ಅದನ್ನೇ ಮಾಡುವುದು. ಗುಣ ಆಗುವ ರೋಗಿಗೆ ಅದು ಸೇತುವೆ. ಆದರೆ ಸೇತುವೆಯ ಆಚೆ ದಡದಲ್ಲಿ ಏನುಂಟು ಅಂತ ಕೇಳದೆ ಸಹಿ ಹಾಕಬೇಡಿ.

ನಾಳೆ ನ್ಯೂರೋ ಡಾಕ್ಟರು ಬಂದಾಗ ನಿಂತ ನಿಲುವಲ್ಲಿ ಮಾತಾಡಬೇಡಿ, ಕೂತು ಮಾತಾಡಲು ಸಮಯ ಕೇಳಿ. ಇಷ್ಟನ್ನು ಕೇಳಿ: ಎಲ್ಲಾ ಸರಿಯಾಗಿ ನಡೆದರೆ ಆರು ತಿಂಗಳಲ್ಲಿ ಅಪ್ಪ ಹೇಗಿರುತ್ತಾರೆ? ನನ್ನ ಗುರುತು ಸಿಗುತ್ತದಾ? ಬಾಯಲ್ಲಿ ಅನ್ನ ಹೋಗುತ್ತದಾ? ನಿಮ್ಮ ಸ್ವಂತ ಅಪ್ಪ ಆಗಿದ್ದರೆ ಏನು ಮಾಡುತ್ತಿದ್ದಿರಿ? ಕೊನೆಯ ಪ್ರಶ್ನೆಗೆ ಡಾಕ್ಟರ ಮುಖ ನೋಡಿ. ಉತ್ತರ ಬಾಯಿಗಿಂತ ಮೊದಲು ಮುಖದಲ್ಲಿ ಬರುತ್ತದೆ.

ಇನ್ನೊಂದು. ಹೃದಯ ನಿಂತರೆ ಎದೆ ಒತ್ತಬೇಕಾ ಬೇಡವಾ ಅಂತ ಈಗಲೇ ಕೇಳಿಕೊಳ್ಳಿ. ಸಿನಿಮಾದಲ್ಲಿ ತೋರಿಸಿದ ಹಾಗಲ್ಲ ಅದು. 79 ವರ್ಷದವರ ಎದೆ ಒತ್ತುವಾಗ ಪಕ್ಕೆಲುಬು ಮುರಿಯುವುದು ಕೈಗೆ ಗೊತ್ತಾಗುತ್ತದೆ. ನನ್ನ ಕೈಗೆ ಗೊತ್ತಾಗಿದೆ. ಅದು ಬೇಡ ಅಂತ ಬರೆದಿಡುವ ಬಗ್ಗೆ ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ 2020ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ಅದು ಬೇಡ ಅಂದರೆ ಔಷಧಿ, ಆರೈಕೆ ನಿಲ್ಲುತ್ತದೆ ಅಂತ ಅರ್ಥ ಅಲ್ಲ.

ಕಪ್ಪು ಕೋಟು ಕಾಸರಗೋಡು · ರಾತ್ರಿ 11:48

ಕಾನೂನಿನ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಮೊದಲ ಮಾತು: ಇದು ಕೊಲೆ ಅಲ್ಲ.

ಇಂಜೆಕ್ಷನ್ ಕೊಟ್ಟು ಜೀವ ತೆಗೆಯುವುದು ನಮ್ಮ ದೇಶದಲ್ಲಿ ಅಪರಾಧ. ಫಲ ಇಲ್ಲದ ಚಿಕಿತ್ಸೆಯನ್ನು ಶುರು ಮಾಡದೇ ಇರುವುದು ಅಥವಾ ನಿಲ್ಲಿಸುವುದು ಬೇರೆ. ಇದರ ಬಾಗಿಲು ತೆರೆದದ್ದು ನಮ್ಮ ಕಡೆಯವರೇ ಆದ ಒಬ್ಬ ಹೆಣ್ಣುಮಗಳ ಕೇಸು. ಅರುಣಾ ಶಾನಭಾಗ್, ಹೊನ್ನಾವರದ ಹತ್ತಿರದ ಹಳದೀಪುರದವರು. ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರಿನಲ್ಲಿ ಅಲ್ಲಿನ ಕೆಲಸಗಾರನೊಬ್ಬ ನಾಯಿ ಕಟ್ಟುವ ಸರಪಳಿಯಿಂದ ಕುತ್ತಿಗೆ ಬಿಗಿದು ಅತ್ಯಾಚಾರ ಮಾಡಿದ. ಆಮೇಲೆ 2015ರ ಮೇ 18ರಂದು ತೀರಿಕೊಳ್ಳುವವರೆಗೆ ಅದೇ ಆಸ್ಪತ್ರೆಯಲ್ಲಿ ಮಲಗಿದ್ದರು. 2011ರಲ್ಲಿ ಸುಪ್ರೀಂ ಕೋರ್ಟ್ ಅವರ ವಿಷಯದಲ್ಲಿ ಬೇಡ ಅಂತು, ಯಾಕೆಂದರೆ ನೋಡಿಕೊಳ್ಳುತ್ತಿದ್ದ ನರ್ಸುಗಳೇ ಒಪ್ಪಲಿಲ್ಲ. ಆದರೆ ಹೈಕೋರ್ಟಿನ ಒಪ್ಪಿಗೆ ಪಡೆದು ಚಿಕಿತ್ಸೆ ನಿಲ್ಲಿಸಬಹುದು ಅಂತ ಮೊದಲ ಸಲ ಹೇಳಿತು.

2018ರ ಮಾರ್ಚ್ 9ರಂದು ಐವರು ನ್ಯಾಯಮೂರ್ತಿಗಳ ಪೀಠ, ಗೌರವದಿಂದ ಸಾಯುವುದು ಸಂವಿಧಾನದ 21ನೇ ವಿಧಿಯ ಒಳಗೇ ಬರುತ್ತದೆ ಅಂತು. ಆಗ ಹಾಕಿದ ನಿಯಮ ತುಂಬಾ ಬಿಗಿ ಇತ್ತು. 2023ರ ಜನವರಿ 24ರಂದು ಸಡಿಲ ಮಾಡಿದರು. ಈಗ ಹೇಗೆಂದರೆ, ಆಸ್ಪತ್ರೆಯವರು ಮೂವರು ವೈದ್ಯರ ಒಂದು ಮಂಡಳಿ ಮಾಡುತ್ತಾರೆ. ಅವರು ಹೌದು ಅಂದರೆ ಎರಡನೇ ಮಂಡಳಿ ನೋಡುತ್ತದೆ. ಅದರಲ್ಲಿ ಜಿಲ್ಲಾ ಆರೋಗ್ಯಾಧಿಕಾರಿ ಹೆಸರಿಸಿದ ಒಬ್ಬ ವೈದ್ಯರು ಇರುತ್ತಾರೆ. ಎರಡೂ ಆದಷ್ಟು 48 ಗಂಟೆಯೊಳಗೆ ಹೇಳಬೇಕು. ಮನೆಯವರ ಒಪ್ಪಿಗೆ ಬೇಕು. ಮ್ಯಾಜಿಸ್ಟ್ರೇಟರಿಗೆ ಆಸ್ಪತ್ರೆ ತಿಳಿಸಬೇಕು. ಅಪ್ಪ ಬರೆದಿಟ್ಟಿಲ್ಲದಿದ್ದರೂ ಇದೇ ದಾರಿ. ಅವರು ಜಗಲಿಯಲ್ಲಿ ಹೇಳಿದ ಮಾತನ್ನು ನೀವು ಮತ್ತು ಅಮ್ಮ ಡಾಕ್ಟರ ಮುಂದೆ ಹೇಳಿ. ಅದಕ್ಕೆ ಬೆಲೆ ಇದೆ.

ಕೇರಳವೋ ಕರ್ನಾಟಕವೋ ಅನ್ನುವ ಚಿಂತೆ ಬೇಡ. ಸುಪ್ರೀಂ ಕೋರ್ಟ್ ಹೇಳಿದ್ದು ಎಲ್ಲಾ ಕಡೆಗೂ ಅನ್ವಯ. ಕರ್ನಾಟಕ ಸರ್ಕಾರ 2025ರ ಜನವರಿ 30ರಂದು ಇದನ್ನು ಜಾರಿಗೆ ತರಲು ಸುತ್ತೋಲೆ ಹೊರಡಿಸಿದೆ. ನಿಮ್ಮ ರೇಷನ್ ಕಾರ್ಡ್ ಯಾವ ರಾಜ್ಯದ್ದು ಅಂತ ಅಲ್ಲಿ ಯಾರೂ ಕೇಳುವುದಿಲ್ಲ.

ಬಂಬ್ರಾಣದ ಹುಡುಗ · ರಾತ್ರಿ 11:55

ಕಾನೂನು ಕಾಗದದಲ್ಲಿ ಚಂದ ಉಂಟು. ಎಷ್ಟು ಆಸ್ಪತ್ರೆಯಲ್ಲಿ ಈ ಮಂಡಳಿ ಇದೆ ಸರ್?

ಕಪ್ಪು ಕೋಟು ಕಾಸರಗೋಡು · ರಾತ್ರಿ 11:57

ಕೇಳಿದರೆ ಮಾಡುತ್ತಾರೆ. ಕೇಳದಿದ್ದರೆ ಮಾಡುವುದಿಲ್ಲ. ಬರವಣಿಗೆಯಲ್ಲಿ ಕೇಳಿ.

ಮುಳ್ಳೇರಿಯ ಮಾಷ್ಟ್ರು · ಗುರುವಾರ ಬೆಳಿಗ್ಗೆ 6:15

ಕ್ಷಮಿಸಿ ತಂಗೀ, ನಿನ್ನ ನೋವು ಅರ್ಥ ಆಗುತ್ತದೆ. ಆದರೆ ಇಲ್ಲಿ ಎಲ್ಲರೂ ಒಂದೇ ಕಡೆ ವಾಲುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಮನುಷ್ಯ ಆರೋಗ್ಯವಾಗಿದ್ದಾಗ ಹೇಳುವ ಮಾತು ಬೇರೆ, ಸಾವು ಎದುರು ನಿಂತಾಗ ಬಯಸುವುದು ಬೇರೆ. ಸ್ಮಶಾನದಿಂದ ಬಂದ ದಿನ ಯಾರು ಬೇಕಾದರೂ ಹಾಗೇ ಹೇಳುತ್ತಾರೆ. ಆ ಒಂದು ಮಾತಿನ ಮೇಲೆ ಜೀವದ ತೀರ್ಮಾನ ಮಾಡುವುದಾ? ನನ್ನ ತಂಗಿಗೆ ಕ್ಯಾನ್ಸರ್ ಆದಾಗ "ಕೀಮೋ ಬೇಡ, ಬೇಡ" ಅನ್ನುತ್ತಿದ್ದಳು. ಕಾಯಿಲೆ ಜಾಸ್ತಿ ಆದ ಮೇಲೆ "ಅಣ್ಣಾ ಇನ್ನೊಂದು ಡೋಸ್ ಕೊಡಿಸು" ಅಂತ ನನ್ನ ಕೈ ಹಿಡಿದಳು. ಆ ಕೈಯ ಬಿಸಿ ಇನ್ನೂ ನೆನಪಿದೆ.

ಎರಡನೆಯದು, ತಮಿಳುನಾಡಿನ ದಕ್ಷಿಣದ ಕೆಲವು ಊರುಗಳಲ್ಲಿ ತಲೈಕೂತಲ್ ಅಂತ ಇದೆ. ಹಾಸಿಗೆ ಹಿಡಿದ ಮುದುಕರಿಗೆ ನಸುಕಿನಲ್ಲಿ ಎಣ್ಣೆ ಸ್ನಾನ ಮಾಡಿಸಿ ಎಳನೀರು ಕುಡಿಸುವುದು. ಜ್ವರ ಬಂದು ಸಾಯುತ್ತಾರೆ. 'ಮುಕ್ತಿ ಕೊಟ್ಟೆವು' ಅನ್ನುತ್ತಾರೆ. ಬಾಗಿಲು ಒಮ್ಮೆ ತೆರೆದರೆ ಯಾರು ಯಾರು ಒಳಗೆ ಬರುತ್ತಾರೆ ಅಂತ ಯೋಚಿಸಿ. ಆಸ್ತಿ ಇರುವ ಮನೆಯಲ್ಲಿ 'ಸಾಕು' ಅನ್ನುವ ಮಾತು ಬೇಗ ಬರುತ್ತದೆ.

ತಾಳವಾಡಿ ರಾಗಿ · ಬೆಳಿಗ್ಗೆ 7:40

ಮಾಷ್ಟ್ರೇ, ನಾವು ತಮಿಳುನಾಡಿನಲ್ಲೇ ಇರುವ ಕನ್ನಡದವರು. ತಲೈಕೂತಲ್ ನಮ್ಮ ಬೆಟ್ಟದ ಕಡೆ ಇಲ್ಲ, ಅದು ವಿರುದುನಗರದ ಕಡೆಯ ಮಾತು. ಆದರೆ ನೀವು ಹೇಳಿದ ಭಯ ಸುಳ್ಳಲ್ಲ. ನಮ್ಮಜ್ಜಿ ಕೊನೆಯಲ್ಲಿ ದಿನಾ ಹೇಳುತ್ತಿದ್ದರು, "ನಾನು ಹೋದರೆ ನಿಮಗೆ ನೆಮ್ಮದಿ" ಅಂತ. ಸಾಯುವ ಆಸೆ ಇರಲಿಲ್ಲ ಅವರಿಗೆ, ಹೊರೆ ಆಗಿದ್ದೇನೆ ಅನ್ನುವ ಸಂಕಟ. ನಾವು ಎರಡನ್ನೂ ಒಂದೇ ಅಂದುಕೊಂಡೆವು. ಅತ್ತೆ ಊರಿಂದ ಬಂದು ಪಕ್ಕದಲ್ಲಿ ಚಾಪೆ ಹಾಕಿ ಮಲಗಲು ಶುರು ಮಾಡಿದ ಮೇಲೆ ಆ ಮಾತು ನಿಂತೇ ಹೋಯಿತು.

ಆದರೂ ಅದಕ್ಕೂ ಇದಕ್ಕೂ ವ್ಯತ್ಯಾಸ ಇದೆ ಅಲ್ವಾ? ಅಲ್ಲಿ ಬದುಕುವವರನ್ನು ಕೊಲ್ಲುವುದು. ಇಲ್ಲಿ ಸಾಯುತ್ತಿರುವವರನ್ನು ಹಿಡಿದಿಡದೆ ಇರುವುದು.

ಎಣ್ಮಕಜೆ ಅಕ್ಕ · ಬೆಳಿಗ್ಗೆ 9:05

ಆ ವ್ಯತ್ಯಾಸವನ್ನು ದಯವಿಟ್ಟು ಎಲ್ಲರೂ ಗಟ್ಟಿಯಾಗಿ ಹಿಡಿದುಕೊಳ್ಳಿ. ನಾನು ಬೇರೆ ಕಡೆಯಿಂದ ಬಂದು ಮಾತಾಡುತ್ತಿದ್ದೇನೆ.

ನನ್ನ ತಮ್ಮನಿಗೆ 31. ಗೇರು ತೋಟಕ್ಕೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಕೀಟನಾಶಕ ಸುರಿಯುತ್ತಿದ್ದ ಕಾಲದಲ್ಲಿ ಹುಟ್ಟಿದವನು. ನಡೆಯುವುದಿಲ್ಲ, ಮಾತಿಲ್ಲ. ಅನ್ನ ಮೆತ್ತಗೆ ಕಿವುಚಿ ನಾನೇ ಬಾಯಿಗೆ ಇಡುತ್ತೇನೆ. ಮನೆಗೆ ಬಂದವರು ಅವನ ಎದುರೇ ಹೇಳುತ್ತಾರೆ, "ದೇವರು ಇವನನ್ನು ಬೇಗ ಕರೆದುಕೊಂಡರೆ ಒಳ್ಳೆಯದಿತ್ತು" ಅಂತ. ಅವನಿಗೆ ಕೇಳಿಸುತ್ತದೆ ಅಂತ ಅವರಿಗೆ ಗೊತ್ತಿಲ್ಲ. ಅಂಗಳದಲ್ಲಿ ಸ್ಕೂಟರ್ ಸದ್ದು ಕೇಳಿದರೆ ನಾನು ಬಂದೆ ಅಂತ ತಿಳಿದು ಅವನು ನಗುತ್ತಾನೆ. ಬೇರೆಯವರ ಸ್ಕೂಟರಿಗೆ ನಗುವುದಿಲ್ಲ.

'ಮಾತಿಲ್ಲ, ನಡಿಗೆ ಇಲ್ಲ, ಹಾಗಾದರೆ ಯಾಕೆ ಬದುಕಬೇಕು' ಅನ್ನುವ ತರ್ಕ ಇಲ್ಲಿ ಬಂದರೆ ನನಗೆ ಎದೆ ನಡುಗುತ್ತದೆ. ಆ ಲೆಕ್ಕದಲ್ಲಿ ನನ್ನ ತಮ್ಮ ಮೊದಲೇ ಹೋಗಬೇಕು. ಅವನು ಸಾಯುತ್ತಿಲ್ಲ, ಬದುಕುತ್ತಿದ್ದಾನೆ. ಸುಪ್ರೀಂ ಕೋರ್ಟ್ 2017ರಲ್ಲಿ ಎಂಡೋಸಲ್ಫಾನ್ ಪೀಡಿತರಿಗೆ ಮೂರು ತಿಂಗಳೊಳಗೆ 5 ಲಕ್ಷ ಕೊಡಿ ಅಂದ ಮೇಲೂ ಆ ದುಡ್ಡಿಗೆ ಎಷ್ಟು ವರ್ಷ ಓಡಾಡಿದ್ದೇವೆ ಅಂತ ನಮಗೆ ಗೊತ್ತು. ಬದುಕಲು ಬೇಕಾದ್ದನ್ನು ಮೊದಲು ಕೊಡಿ. ಆಮೇಲೆ ಸಾಯುವ ಹಕ್ಕಿನ ಮಾತಾಡೋಣ.

ಮಾನ್ಯದ ಅಕ್ಕಾ, ಇದು ನಿಮಗೆ ಹೇಳಿದ್ದಲ್ಲ. ನಿಮ್ಮ ಅಪ್ಪ ಸ್ವತಃ ಬಾಯಿ ಬಿಟ್ಟು ಹೇಳಿದ್ದಾರೆ. ಅದು ಬೇರೆ.

ಐಸಿಯು ಸಿಸ್ಟರ್ ಬದಿಯಡ್ಕ · ಬೆಳಿಗ್ಗೆ 9:30

ಅಕ್ಕಾ, ನಿಮ್ಮ ಮಾತಿಗೆ ಕೈ ಮುಗಿಯುತ್ತೇನೆ. ನಾನು ನಿನ್ನೆ ಬರೆದ 'ಗುರುತು ಸಿಗುತ್ತದಾ, ಅನ್ನ ಹೋಗುತ್ತದಾ' ಅನ್ನುವುದನ್ನು ಸರಿ ಮಾಡುತ್ತೇನೆ. ಅದು ಬದುಕಿನ ಬೆಲೆ ಅಳೆಯಲು ಅಲ್ಲ. ಅಪ್ಪನೇ ಯಾವುದನ್ನು ಒಪ್ಪುತ್ತಿದ್ದರು ಅಂತ ತಿಳಿಯಲು.

ಬಂಬ್ರಾಣದ ಹುಡುಗ · ಬೆಳಿಗ್ಗೆ 10:10

ಇದಕ್ಕೆಲ್ಲ ಮೂಲ ಏನು ಗೊತ್ತಾ? ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ದೊಡ್ಡ ಆಸ್ಪತ್ರೆ ಇಲ್ಲದ್ದು. ಉಕ್ಕಿನಡ್ಕದಲ್ಲಿ ಮೆಡಿಕಲ್ ಕಾಲೇಜಿಗೆ ಕಲ್ಲು ಹಾಕಿದ್ದು 2013ರಲ್ಲಿ. ಇವತ್ತಿಗೂ ದೊಡ್ಡ ಕೇಸು ಅಂದ್ರೆ ಮಂಗಳೂರಿಗೇ. 2020ರ ಲಾಕ್‌ಡೌನಿನಲ್ಲಿ ಕರ್ನಾಟಕ ಗಡಿಯ ತಲಪಾಡಿಯಲ್ಲಿ ಮಣ್ಣು ಸುರಿದು ರಸ್ತೆ ಮುಚ್ಚಿದಾಗ ಆಂಬುಲೆನ್ಸಿನಲ್ಲೇ ಜೀವ ಬಿಟ್ಟವರು ಇದ್ದಾರೆ. ಅವರಿಗೆ ಯಾವ ಹಕ್ಕಿತ್ತು?

ಉಪ್ಪಳ ಪೇಟೆ · ಬೆಳಿಗ್ಗೆ 10:14

ಅದು ನೂರಕ್ಕೆ ನೂರು ನಿಜ. ಡಯಾಲಿಸಿಸ್‌ಗೆ ಹೋಗುವವರು ಗೇಟಿನ ಹತ್ತಿರ ನಿಂತು ಅತ್ತದ್ದು ಕಣ್ಣಾರೆ ನೋಡಿದ್ದೇನೆ.

ಮುಳ್ಳೇರಿಯ ಮಾಷ್ಟ್ರು · ಬೆಳಿಗ್ಗೆ 10:20

ಅದು ಬೇರೆ ಚರ್ಚೆ. ಬೇರೆ ಎಳೆ ಶುರು ಮಾಡಿ. ಇಲ್ಲಿ ಒಬ್ಬಳು ನಾಳೆಯೊಳಗೆ ಸಹಿ ಹಾಕಬೇಕು.

ಬಂಬ್ರಾಣದ ಹುಡುಗ · ಬೆಳಿಗ್ಗೆ 10:22

ಸರಿ ಮಾಷ್ಟ್ರೇ. ಆದರೆ ದುಡ್ಡಿನ ಮಾತು ಇದೇ ಚರ್ಚೆ. ನಮ್ಮ ಅಜ್ಜಿಗೆ 19 ದಿನ ಆಯಿತು. ಅಪ್ಪ ತೋಟ ಅಡವಿಟ್ಟರು. ಅಜ್ಜಿಯೂ ಇಲ್ಲ, ತೋಟವೂ ಇಲ್ಲ. 'ದುಡ್ಡಿಗೋಸ್ಕರ ನಿಲ್ಲಿಸಿದರು' ಅಂತ ಜನ ಹೇಳುತ್ತಾರೆ ಅಂತಲೇ ಅಪ್ಪ ನಿಲ್ಲಿಸಲಿಲ್ಲ. ಊರಿನವರ ಬಾಯಿಗೆ ಹೆದರಿ ಮಾಡಿದ ಚಿಕಿತ್ಸೆ ಅದು.

ಪೈವಳಿಕೆ ಕಾಕ · ಬೆಳಿಗ್ಗೆ 11:00

ಮಗಳೇ, ನನ್ನ ಉಪ್ಪಾನಿಗೆ ಹೀಗೇ ಆದಾಗ ನಾನು ನಮ್ಮ ಉಸ್ತಾದರನ್ನು ಕೇಳಿದೆ. ನಂಬಿಕೆ ಇರುವ ವೈದ್ಯರು ಇನ್ನು ಫಲ ಇಲ್ಲ ಅಂದರೆ ಯಂತ್ರ ತೆಗೆಯುವುದು ಕೊಲೆ ಆಗುವುದಿಲ್ಲ, ಆದರೆ ನೀರು, ಶುಚಿ, ಪ್ರೀತಿ ಯಾವುದೂ ಕಡಿಮೆ ಆಗಬಾರದು ಅಂದರು. ಮನೆಗೆ ತಂದೆವು. ಕುರಾನಿನ ಯಾಸೀನ್ ಅಧ್ಯಾಯ ಓದುತ್ತಾ ಇದ್ದೆವು. ಮಕ್ಕಾದ ಝಂಝಂ ನೀರು ತುಟಿಗೆ ಹಚ್ಚಿದೆ.

ಬೇಳ ಇಗರ್ಜಿ ರಸ್ತೆ · ಬೆಳಿಗ್ಗೆ 11:12

ನಮ್ಮಲ್ಲೂ ಹಾಗೇ. 1957ರಲ್ಲೇ ಪೋಪ್ 12ನೇ ಪಿಯುಸ್ ಹೇಳಿದ್ದಾರೆ, ಅಸಾಧಾರಣ ಉಪಾಯಗಳಿಂದ ಜೀವ ಎಳೆಯಬೇಕು ಅಂತ ಕಡ್ಡಾಯ ಇಲ್ಲ ಅಂತ. ಆದರೆ ಯಾವುದು ಸಾಧಾರಣ, ಯಾವುದು ಅಸಾಧಾರಣ ಅಂತ ಜಗಳ ಇವತ್ತಿಗೂ ಮುಗಿದಿಲ್ಲ. ಮೂಗಿನ ಪೈಪಿನ ಊಟ ಚಿಕಿತ್ಸೆಯಾ, ಅನ್ನವಾ? ನನಗೆ ಅದು ಅನ್ನ ಅಂತಲೇ ಅನಿಸುತ್ತದೆ.

ಜತ್ತದ ಜೋಳ · ಮಧ್ಯಾಹ್ನ 1:30

ನಾವು ಸಾಂಗಲಿ ಜಿಲ್ಲಾದ ಕನ್ನಡ ಮಂದಿ, ಜೈನರು. ನಮ್ಮ ದೊಡ್ಡಾಯಿ ಸಲ್ಲೇಖನ ತಗೊಂಡರು. 88 ವರ್ಷ. ಮೊದಲು ಮನೆಯವರೆಲ್ಲರ ಹತ್ತಿರ ಕ್ಷಮೆ ಕೇಳಿದರು, ಹೊಲದ ಆಳುಗಳ ಹತ್ತಿರವೂ. ಆಮೇಲೆ ಒಂದೊಂದೇ ಪದಾರ್ಥ ಬಿಟ್ಟರು. ಕಡೆಗೆ ನೀರು. 2015ರ ಆಗಸ್ಟ್ 10ರಂದು ರಾಜಸ್ಥಾನ ಹೈಕೋರ್ಟ್ ಇದನ್ನು ಆತ್ಮಹತ್ಯೆ ಅಂದಾಗ ನಮಗೆ ಬಹಳ ನೋವಾಗಿತ್ತು. ಅದೇ ತಿಂಗಳು 31ಕ್ಕೆ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ನಮ್ಮ ಜೈನ ಮುನಿ, ಭೋಜದ ಶಾಂತಿಸಾಗರ ಮಹಾರಾಜರು 1955ರಲ್ಲಿ ಕುಂಥಲಗಿರಿಯಲ್ಲಿ ಹಿಂಗೇ ದೇಹ ಬಿಟ್ಟವರು ರೀ.

ನಾ ಹೇಳೋದು ಇಷ್ಟೇ, ನಮ್ಮ ದೊಡ್ಡಾಯಿಗೆ ಎಚ್ಚರ ಇತ್ತು. ತಾವೇ ನಿರ್ಧಾರ ಮಾಡಿದರು. ನಾವು ಬರೇ ಪಕ್ಕದಲ್ಲಿ ಕುಂತಿದ್ದೆವು. ನಿಮ್ಮದು ಅದಕ್ಕಿಂತ ಬಹಳ ಕಷ್ಟ. ಬೇರೆಯವರ ಬಾಯಿ ನೀವು ಆಗಬೇಕು.

ನೀರ್ಚಾಲು ಪಾಲಿಯೇಟಿವ್ · ಮಧ್ಯಾಹ್ನ 2:45

ಜತ್ತದವರು ಸರಿಯಾದ ಜಾಗಕ್ಕೆ ಬಂದರು. 'ಬೇರೆಯವರ ಬಾಯಿ.' ನಾನು ಪಾಲಿಯೇಟಿವ್ ಸ್ವಯಂಸೇವಕ, ಅಂದರೆ ಗುಣವಾಗದ ರೋಗಿಗಳ ನೋವು, ಸಂಕಟ ಕಡಿಮೆ ಮಾಡುವ ಆರೈಕೆಯವನು, ಹೋಮ್ ಕೇರ್ ಜೀಪಿನಲ್ಲಿ ಮನೆಮನೆಗೆ ಹೋಗುವವನು. ನೂರಾರು ಮನೆಯಲ್ಲಿ ಇದೇ ಜಗಳ ನೋಡಿದ್ದೇನೆ.

'ಅಪ್ಪನನ್ನು ಉಳಿಸಬೇಕಾ ಬೇಡವಾ' ಅಂತ ಮಕ್ಕಳ ಹತ್ತಿರ ಕೇಳಿದರೆ ಯಾವ ಮಗನೂ ಬೇಡ ಅನ್ನುವುದಿಲ್ಲ. ಬೇಡ ಅಂದುಬಿಟ್ಟರೆ ಜೀವಮಾನ ಇಡೀ ಕೊರಗುತ್ತಾನೆ. ಪ್ರಶ್ನೆಯೇ ತಪ್ಪು. ಹೀಗೆ ಕೇಳಿಕೊಳ್ಳಿ: ಅಪ್ಪ ಈಗ ಐದು ನಿಮಿಷ ಎದ್ದು ಕೂತು, ತನ್ನ ಸ್ಥಿತಿ ನೋಡಿ, ಪುನಃ ಮಲಗುವ ಮೊದಲು ನಮಗೆ ಏನು ಹೇಳಿ ಮಲಗುತ್ತಿದ್ದರು? ಆಗ ನೀವು ತೀರ್ಮಾನ ಮಾಡುವವರಲ್ಲ, ಅವರ ಮಾತು ಮುಟ್ಟಿಸುವವರು. ಮಾಷ್ಟ್ರು ಹೇಳಿದ್ದೂ ಇದೆ, ಮನಸ್ಸು ಬದಲಾಗುತ್ತದೆ. ಹಾಗಾಗಿ ಒಂದು ಮಾತು ಹಿಡಿಯಬೇಡಿ. ಅವರ ಇಡೀ ಬದುಕನ್ನು ನೆನಪು ಮಾಡಿ. ಆಸ್ಪತ್ರೆಗೆ ಹೋಗಲು ಹಟ ಮಾಡುತ್ತಿದ್ದರಾ? ಇನ್ನೊಬ್ಬರು ಸ್ನಾನ ಮಾಡಿಸಿದರೆ ಒಪ್ಪುತ್ತಿದ್ದರಾ?

ಅಣ್ಣನ ಮೇಲೆ ಸಿಟ್ಟು ಬೇಡ. ದೂರ ಇರುವ ಮಕ್ಕಳೇ 'ಎಲ್ಲಾ ಮಾಡಿಸಿ' ಅಂತ ಗಟ್ಟಿಯಾಗಿ ಹೇಳುವುದು. ಅಮೆರಿಕದ ವೈದ್ಯರು ಇದಕ್ಕೆ 'ಕ್ಯಾಲಿಫೋರ್ನಿಯಾದ ಮಗಳು' ಅಂತ ಹೆಸರೇ ಇಟ್ಟಿದ್ದಾರೆ. ಹತ್ತಿರ ಇದ್ದವರು ದಿನಾ ಸ್ವಲ್ಪ ಸ್ವಲ್ಪ ಅತ್ತು ಮುಗಿಸಿರುತ್ತಾರೆ. ದೂರದವರಿಗೆ ಎಲ್ಲವೂ ಒಂದೇ ಸಲ ಬಂದು ಬೀಳುತ್ತದೆ.

ಇನ್ನು ಮೂಗಿನ ಪೈಪು. ದೇಹ ಮುಚ್ಚಿಕೊಳ್ಳುವಾಗ ಹಸಿವು ಕಡಿಮೆ ಆಗುತ್ತದೆ. ಊಟ ಬಿಟ್ಟದ್ದರಿಂದ ಸಾಯುವುದಲ್ಲ, ಸಾಯುತ್ತಿರುವುದರಿಂದ ಊಟ ಬಿಡುವುದು. ಇದು ಅಮ್ಮಂದಿರಿಗೆ ಹೇಳಿ ಒಪ್ಪಿಸಲು ಬಹಳ ಕಷ್ಟ. ಬಾಯಿ ಒಣಗದ ಹಾಗೆ ಹತ್ತಿಯಲ್ಲಿ ನೀರು ಹಚ್ಚಲು ಅವರಿಗೇ ಕೊಡಿ. ಕೈಗೆ ಕೆಲಸ ಬೇಕು.

ಕುಂಬಳೆ-ದುಬೈ · ಮಧ್ಯಾಹ್ನ 3:20

ನಾನು ಆ ದೂರದ ಮಗ. ಆರು ವರ್ಷದ ಹಿಂದಿನದು.

ಅಪ್ಪನಿಗೆ ಹೃದಯ ನಿಂತು ಮತ್ತೆ ತಂದರು ಅಂತ ತಂಗಿ ಫೋನ್ ಮಾಡಿದಳು. "ನಾನು ಬರುವವರೆಗೆ ಏನೂ ತೆಗೆಯಬೇಡ" ಅಂದೆ. ಟಿಕೆಟ್ ಸಿಕ್ಕಿ, ರಜೆ ಸಿಕ್ಕಿ, ನಾನು ಬರುವಾಗ ಐದು ದಿನ ಆಗಿತ್ತು. ಆ ಐದು ದಿನದಲ್ಲಿ ಎರಡು ಸಲ ಎದೆ ಒತ್ತಿದ್ದಾರೆ. ನಾನು ಹೋಗಿ ಅಪ್ಪನ ಕೈ ಹಿಡಿದೆ, ಕೈ ಬಾತು ಉಂಗುರ ಕತ್ತರಿಸಿ ತೆಗೆದಿದ್ದರು. ಆ ಉಂಗುರದ ತುಂಡು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ನನ್ನ ಕೈಗೆ ಕೊಟ್ಟರು. ಆಗ ಗೊತ್ತಾಯಿತು, ಅಪ್ಪನನ್ನು ಉಳಿಸಿದ್ದು ಅಪ್ಪನಿಗಲ್ಲ, ನನಗೆ.

ನಿಮ್ಮ ಅಣ್ಣನ ಜೊತೆ ವಾದ ಮಾಡಬೇಡಿ. ವೀಡಿಯೊ ಕಾಲ್ ಮಾಡಿ ಅಪ್ಪನ ಕಟ್ಟಿದ ಕೈ ತೋರಿಸಿ. ಆ ಪಾದ ತೋರಿಸಿ. ಡಾಕ್ಟರು ಮಾತಾಡುವಾಗ ಅವನೂ ಫೋನಿನಲ್ಲಿ ಇರಲಿ. ಅವನಿಗೆ 'ಬೇಡ' ಅನ್ನುವ ಭಾರ ಹೊರಿಸಬೇಡಿ. "ಅಣ್ಣಾ, ಅಪ್ಪ ಹೀಗೆ ಹೇಳಿದ್ದರು" ಅಂತ ಮಾತ್ರ ಹೇಳಿ.

ಮಾನ್ಯದ ಮಗಳು · ಸಂಜೆ 6:05

ಎಲ್ಲಾ ಓದಿದೆ. ಬಸ್ ಸ್ಟ್ಯಾಂಡಿನಲ್ಲಿ ಕೂತು ಓದಿದೆ. ದುಬೈ ಅಣ್ಣಾ, ನಿಮ್ಮದು ಓದುವಾಗ ಪಕ್ಕದ ಹೆಂಗಸು ನನ್ನ ಕೈ ಹಿಡಿದುಕೊಂಡರು, ಯಾಕೆ ಅಂತ ಕೇಳಲಿಲ್ಲ.

ಒಂದು ಸಂಶಯ. ಸಂಬಂಧಿಕರು ಹೇಳುತ್ತಾರೆ, 'ಮನೆಗೆ ಕರೆದುಕೊಂಡು ಹೋಗ್ತೇವೆ ಅಂತ ಬರೆದು ಕೊಟ್ಟು ಬಂದುಬಿಡಿ, ಮಂಡಳಿ ಗಿಂಡಳಿ ಎಲ್ಲ ಯಾಕೆ' ಅಂತ. ಹಾಗೆ ಮಾಡಬಹುದಾ?

ತಾಳವಾಡಿ ರಾಗಿ · ಸಂಜೆ 6:20

ಬೇಡ. ಬೇಡವೇ ಬೇಡ. ನಮ್ಮ ಚಿಕ್ಕಪ್ಪನನ್ನು ಹಾಗೆ ತಂದೆವು. ವೈದ್ಯರ ಸಲಹೆಗೆ ವಿರುದ್ಧವಾಗಿ ಹೋಗುತ್ತಿದ್ದೇವೆ ಅಂತ ಸಹಿ ಮಾಡಿಸಿಕೊಂಡರು. ದಾರಿ ಇಡೀ ಚೀಲ ಒತ್ತುತ್ತಾ ಉಸಿರು ಕೊಟ್ಟು ಮನೆಯ ಮುಂದೆ ಪೈಪು ಎಳೆದರು. ಆಂಬುಲೆನ್ಸ್ ಹೊರಟುಹೋಯಿತು. ಒಂದು ಮಾತ್ರೆ ಕೊಟ್ಟಿರಲಿಲ್ಲ, ಏನು ಮಾಡಬೇಕು ಅಂತ ಹೇಳಿರಲಿಲ್ಲ. ಆರು ಗಂಟೆ ಉಸಿರಿಗೆ ಒದ್ದಾಡಿದರು. ಚಿಕ್ಕಮ್ಮ ಇವತ್ತಿಗೂ ರಾತ್ರಿ ಎದ್ದು ಕೂರುತ್ತಾರೆ.

ನೀರ್ಚಾಲು ಪಾಲಿಯೇಟಿವ್ · ಸಂಜೆ 6:50

ಇದೇ ನಮ್ಮ ಕಡೆ ಜಾಸ್ತಿ ಆಗುವುದು. ತಂಗೀ, ಚಿಕಿತ್ಸೆ ನಿಲ್ಲಿಸುವುದು ಅಂದರೆ ಆರೈಕೆ ನಿಲ್ಲಿಸುವುದಲ್ಲ. ಪೈಪು ತೆಗೆಯುವ ಮೊದಲೇ ಉಸಿರಾಟದ ಸಂಕಟಕ್ಕೆ ಮಾರ್ಫಿನ್ ಕೊಡಬೇಕು. ಸರಿಯಾದ ಪ್ರಮಾಣದಲ್ಲಿ ಕೊಟ್ಟರೆ ಅದು ಜೀವ ತೆಗೆಯುವುದಿಲ್ಲ, ಒದ್ದಾಟ ತೆಗೆಯುತ್ತದೆ. ಮೊದಲೆಲ್ಲ ಪರವಾನಗಿಯ ರಗಳೆಯಲ್ಲಿ ಅದು ಸಿಗುತ್ತಲೇ ಇರಲಿಲ್ಲ, 2014ರಲ್ಲಿ ಕಾನೂನು ತಿದ್ದಿದ ಮೇಲೆ ಸ್ವಲ್ಪ ಸುಲಭ ಆಗಿದೆ.

ನಾವು ಕೇರಳದಲ್ಲಿರುವುದು ಈ ಒಂದು ವಿಷಯಕ್ಕೆ ಭಾಗ್ಯ. 1993ರಲ್ಲಿ ಕೋಝಿಕ್ಕೋಡಿನಲ್ಲಿ ಡಾ. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಅವರು ಸಣ್ಣ ನೋವಿನ ಕ್ಲಿನಿಕ್ ಶುರು ಮಾಡಿದ್ದು. 2008ರಲ್ಲಿ ದೇಶದಲ್ಲೇ ಮೊದಲು ಇದಕ್ಕೆ ಸರ್ಕಾರಿ ನೀತಿ ಬಂದದ್ದು ಇಲ್ಲಿ. ನಿಮ್ಮ ಪಂಚಾಯತಿನ ಆರೋಗ್ಯ ಕೇಂದ್ರದಲ್ಲಿ ಪಾಲಿಯೇಟಿವ್ ಸಿಸ್ಟರ್ ಇರುತ್ತಾರೆ. ಆಶಾ ಕಾರ್ಯಕರ್ತೆಗೆ ಹೇಳಿದರೆ ಸಾಕು. ಮನೆಗೆ ತರುವುದಾದರೆ ಮೊದಲೇ ಅವರಿಗೆ ತಿಳಿಸಿ. ಆಸ್ಪತ್ರೆಯಿಂದ ಔಷಧಿ ಚೀಟಿ ಬರೆಸಿಕೊಂಡೇ ಹೊರಡಿ.

ಐಸಿಯು ಸಿಸ್ಟರ್ ಬದಿಯಡ್ಕ · ಸಂಜೆ 7:15

ಡಾಕ್ಟರ ಹತ್ತಿರ ಇನ್ನೊಂದು ದಾರಿಯೂ ಕೇಳಿ. ಮೂರು ನಾಲ್ಕು ದಿನದ ಗಡುವು. ಈ ಚಿಕಿತ್ಸೆ ಹೀಗೇ ಮುಂದುವರಿಸುವುದು, ಇಂಥ ಬದಲಾವಣೆ ಕಂಡರೆ ಮುಂದೆ ಹೋಗುವುದು, ಕಾಣದಿದ್ದರೆ ನಿಲ್ಲಿಸುವುದು. ಅಣ್ಣನಿಗೂ ಬರಲು ಸಮಯ ಸಿಗುತ್ತದೆ. ನಮ್ಮಂಥವರಿಗೂ ಗೊತ್ತು, ಶುರು ಮಾಡದೆ ಇರುವುದೂ ಶುರು ಮಾಡಿ ನಿಲ್ಲಿಸುವುದೂ ನೀತಿಯಲ್ಲಿ ಒಂದೇ ಅಂತ. ಆದರೆ ಕೈಗೆ ಒಂದೇ ಅನಿಸುವುದಿಲ್ಲ. ನಿಲ್ಲಿಸುವ ಬಟನ್ ಒತ್ತುವಾಗ ನನ್ನ ಕೈ ಈಗಲೂ ತಣ್ಣಗಾಗುತ್ತದೆ.

ಮಾನ್ಯದ ಮಗಳು · 12 ದಿನದ ನಂತರ, ಬೆಳಿಗ್ಗೆ 8:30

ಏನಾಯಿತು ಅಂತ ಕೆಲವರು ಕೇಳಿದ್ದೀರಿ. ಬರೆಯಲು ಇಷ್ಟು ದಿನ ಬೇಕಾಯಿತು.

ಶುಕ್ರವಾರ ಕೂತು ಮಾತಾಡಿದೆವು. ಅಣ್ಣ ಫೋನಿನಲ್ಲಿದ್ದ. ಅಮ್ಮನನ್ನೂ ಕರೆದುಕೊಂಡು ಹೋಗಿದ್ದೆ. ಡಾಕ್ಟರು ಸ್ಕ್ಯಾನ್ ತೋರಿಸಿ ವಿವರಿಸಿದರು. ಗಡುವಿನ ಮಾತು ನಾನೇ ಎತ್ತಿದೆ, ನಾಲ್ಕು ದಿನ ಅಂತ ಆಯಿತು. ಅಣ್ಣ ಸೋಮವಾರ ಬಂದ. ಒಳಗೆ ಹೋಗಿ ಐದು ನಿಮಿಷಕ್ಕೆ ಹೊರಗೆ ಬಂದು ಬೆಂಚಿನಲ್ಲಿ ಕೂತ. ಆಗ ಅಮ್ಮ ಮಾತಾಡಿದರು. ಅಷ್ಟು ದಿನದಲ್ಲಿ ಮೊದಲ ಸಲ. "ಅವರು ಜಗಲಿಯಲ್ಲಿ ಹೇಳಿದ್ದು ನಾನು ಕೇಳಿದ್ದೇನೆ ಮಗಾ. ನಾನು ಹೇಳ್ತೇನೆ ಡಾಕ್ಟರಿಗೆ."

ಎರಡು ಮಂಡಳಿಯೂ ನೋಡಿತು. ಕಾಗದಪತ್ರಕ್ಕೆ ಎರಡೂವರೆ ದಿನ ಹಿಡಿಯಿತು. ಕೋಟು ಸರ್, ನೀವು ಹೇಳಿದ ಹಾಗೆ ಬರವಣಿಗೆಯಲ್ಲಿ ಕೊಟ್ಟದ್ದು ಒಳ್ಳೆಯದಾಯಿತು. ಬೇರೆ ಕೋಣೆಗೆ ತಂದು, ಔಷಧಿ ಕೊಟ್ಟು, ಪೈಪು ತೆಗೆದರು. ಅಪ್ಪ ಸ್ವಂತ ಉಸಿರಾಡಿದರು. ಮರುದಿನ ಬೆಳಿಗ್ಗೆ ಮನೆಗೆ ತಂದೆವು. ಪಾಲಿಯೇಟಿವ್ ಸಿಸ್ಟರ್ ಮೊದಲೇ ಬಂದು ಜಗಲಿಯ ಪಕ್ಕದ ಕೋಣೆಯಲ್ಲಿ ಹಾಸಿಗೆ ಸರಿ ಮಾಡಿಟ್ಟಿದ್ದರು.

ಮನೆಯಲ್ಲಿ ಎರಡು ದಿನ ಇದ್ದರು. ಒದ್ದಾಟ ಇರಲಿಲ್ಲ. ಅಮ್ಮ ಹತ್ತಿಯಲ್ಲಿ ತುಳಸಿ ನೀರು ಹಚ್ಚುತ್ತಿದ್ದರು. ಅಣ್ಣ ಪಾದಕ್ಕೆ ತೆಂಗಿನೆಣ್ಣೆ ತಿಕ್ಕಿದ, ಒಂದೇ ಸಮನೆ, ಸಾಕು ಅಂದರೂ ಬಿಡಲಿಲ್ಲ. ಶನಿವಾರ ನಸುಕಿಗೆ ಉಸಿರು ನಿಂತಿತು.

ಮಾಷ್ಟ್ರೇ, ನೀವು ಹೇಳಿದ್ದು ಇನ್ನೂ ನನ್ನನ್ನು ಬಿಟ್ಟಿಲ್ಲ. ರಾತ್ರಿ ಎಚ್ಚರವಾದರೆ ಅಪ್ಪ ಮನಸ್ಸು ಬದಲಾಯಿಸಿದ್ದರೋ ಏನೋ ಅಂತ ಅನಿಸುತ್ತದೆ. ಅಣ್ಣನಿಗೂ ಅನಿಸುತ್ತದಂತೆ. ಇಬ್ಬರೂ ಮಾತಾಡಿಕೊಳ್ಳುತ್ತೇವೆ.

ಎಣ್ಮಕಜೆ ಅಕ್ಕ · ಬೆಳಿಗ್ಗೆ 8:52

ಅಪ್ಪನಿಗೆ ಸದ್ಗತಿ ಸಿಗಲಿ. ನೀವು ಊಟ ಮಾಡಿ, ನಿದ್ದೆ ಮಾಡಿ.

ಮುಳ್ಳೇರಿಯ ಮಾಷ್ಟ್ರು · ಬೆಳಿಗ್ಗೆ 9:40

ತಂಗೀ, ನಿನ್ನ ಮನಸ್ಸಿಗೆ ಮುಳ್ಳು ಚುಚ್ಚಿದ್ದರೆ ಕ್ಷಮಿಸು. ನೀವು ಮೂವರೂ ಕೂಡಿ ಮಾಡಿದಿರಿ, ಅದು ದೊಡ್ಡದು.

ಕೋಟು ಸರ್, ನನಗೆ 74. ಮಗ ಬೆಂಗಳೂರಿನಲ್ಲಿದ್ದಾನೆ. ನನ್ನ ಇಷ್ಟ ಇವರ ಅಪ್ಪನದ್ದಕ್ಕಿಂತ ಬೇರೆ. ಒಂದು ಸಣ್ಣ ಆಸೆ ಇದ್ದರೂ ಚಿಕಿತ್ಸೆ ಬಿಡಬೇಡಿ ಅಂತ ನನ್ನ ಇಷ್ಟ. ಹಾಗೂ ಬರೆದಿಡಬಹುದಾ? ಸಾಕ್ಷಿಗೆ ಹೆಂಡತಿ ಆಗುತ್ತಾಳಾ?

ಕಪ್ಪು ಕೋಟು ಕಾಸರಗೋಡು · ಬೆಳಿಗ್ಗೆ 10:05

ಬರೆಯಬಹುದು ಮಾಷ್ಟ್ರೇ. ಕೋರ್ಟ್ ಹೇಳಿದ ಪತ್ರ ಮುಖ್ಯವಾಗಿ ಚಿಕಿತ್ಸೆ ಬೇಡ ಅನ್ನುವವರಿಗೆ. ಆದರೆ ಯಾವ ಸ್ಥಿತಿಯಲ್ಲಿ ಏನು ಬೇಕು, ಎಲ್ಲಿಯವರೆಗೆ ಬೇಕು ಅಂತ ನಿಮ್ಮ ಇಷ್ಟವನ್ನು ಬರೆದಿಟ್ಟರೆ ಮಗನಿಗೂ ಡಾಕ್ಟರಿಗೂ ದಾರಿ ಸಿಗುತ್ತದೆ. ನಿಮ್ಮ ಪರವಾಗಿ ಮಾತಾಡುವವರ ಹೆಸರು ಬರೆಯಿರಿ, ಅದು ಹೆಂಡತಿಯದ್ದೇ ಆಗಬಹುದು. ಇಬ್ಬರು ಸಾಕ್ಷಿ ಮಾತ್ರ ಹೊರಗಿನವರಾದರೆ ಒಳ್ಳೆಯದು. ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಮುಂದೆ ಸಹಿ. ಒಂದು ಪ್ರತಿ ಮಗನಿಗೆ ಕೊಡಿ, ಕೊಡುವಾಗ ಎದುರು ಕೂರಿಸಿ ಓದಿ ಹೇಳಿ.

ಮುಳ್ಳೇರಿಯ ಮಾಷ್ಟ್ರು · ಬೆಳಿಗ್ಗೆ 10:11

ಭಾನುವಾರ ಬರುತ್ತಾನೆ. ಆವತ್ತೇ ಕೂರಿಸುತ್ತೇನೆ.